ಉಸಿರು ನೆನಪಿಸುವ ಮದ್ದು

ತಿಂಗಳು ತುಂಬುವ ಮುಂಚೆ ಹುಟ್ಟಿದ ಮಕ್ಕಳಿಗೆ ಒಂದು ಅಭ್ಯಾಸವಿದೆ. ಉಸಿರಾಡುವುದನ್ನು ಮರೆತುಬಿಡುತ್ತವೆ. ಗಂಟಲಲ್ಲಿ ಏನೂ ಸಿಕ್ಕಿಕೊಂಡಿರುವುದಿಲ್ಲ, ಎದೆಯಲ್ಲಿ ಕಫವೂ ಇರುವುದಿಲ್ಲ. ಉಸಿರಾಡು ಎಂದು ಹೇಳುವ ಮೆದುಳಿನ ಭಾಗ ಇನ್ನೂ ಬಲಿತಿರುವುದಿಲ್ಲ, ಅಷ್ಟೆ. ಚೆನ್ನಾಗಿ ಮಲಗಿದ್ದ ಮಗು ಇದ್ದಕ್ಕಿದ್ದಂತೆ ಸ್ತಬ್ಧವಾಗುತ್ತದೆ. ಎದೆ ಏಳುವುದಿಲ್ಲ. ತುಟಿಯ ಸುತ್ತ ನೀಲಿ ಹರಡುತ್ತದೆ, ಮಾನಿಟರ್ ಕೂಗುತ್ತದೆ. ನಾವು ಓಡಿಹೋಗಿ ಅಂಗಾಲನ್ನು ಬೆರಳಿನಿಂದ ತಟ್ಟುತ್ತೇವೆ. ಮಗು ಮೂತಿ ಸೊಟ್ಟ ಮಾಡಿ, ನಮ್ಮನ್ನು ಬೈದುಕೊಂಡೇ ಮತ್ತೆ ಉಸಿರೆಳೆಯುತ್ತದೆ.

ಇದಕ್ಕೆ ಕೊಡುವ ಮದ್ದು ಕೆಫೀನ್. ಹೌದು, ಕಾಫಿಯಲ್ಲಿರುವ, ಚಹಾದಲ್ಲಿರುವ ಅದೇ ಕೆಫೀನ್. ಸಣ್ಣ ಗಾಜಿನ ಶೀಶೆಯಲ್ಲಿ ಬರುತ್ತದೆ, ನೀರಿನಷ್ಟು ತಿಳಿ, ವಾಸನೆಯೇ ಇಲ್ಲ. ಮಗುವಿನ ತೂಕಕ್ಕೆ ಲೆಕ್ಕ ಹಾಕಿ ಸಿರಿಂಜಿಗೆ ಎಳೆದು, ಇಬ್ಬರು ನರ್ಸುಗಳು ಒಬ್ಬರಿಗೊಬ್ಬರು ಓದಿ ಹೇಳಿ, ದಿನಕ್ಕೊಮ್ಮೆ ಬಾಯಿಯ ನಳಿಕೆಯಿಂದ ಹೊಟ್ಟೆಗೆ ಬಿಡುತ್ತೇವೆ. ದೊಡ್ಡವರ ದೇಹ ಬೆಳಗಿನ ಕಾಫಿಯ ಬಹುಪಾಲನ್ನು ಸಂಜೆಯೊಳಗೆ ಕರಗಿಸಿ ಮುಗಿಸುತ್ತದೆ. ಇಂಥ ಎಳೆಯ ಲಿವರಿಗೆ ಆ ಕೆಲಸ ಬಾರದು. ಇವತ್ತು ಕೊಟ್ಟದ್ದರಲ್ಲಿ ಅರ್ಧ ಇನ್ನೂ ಮೂರು ನಾಲ್ಕು ದಿನ ರಕ್ತದಲ್ಲೇ ಸುತ್ತುತ್ತಿರುತ್ತದೆ. ನಾನು ಹೇಳಹೊರಟಿರುವುದೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿರುವುದರಿಂದ ಇದನ್ನು ಮೊದಲೇ ಹೇಳಿಬಿಟ್ಟೆ.

ನಾನು ಮುಂಬೈಯ ಘಾಟ್ಕೋಪರ್ ಕಡೆಯ ಒಂದು ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ವಿಭಾಗದ ನರ್ಸು. ಮೈಸೂರು ಕಡೆಯವಳು, ಒಂದು ಲೋಟ ಫಿಲ್ಟರ್ ಕಾಫಿ ಒಳಗೆ ಹೋಗದೆ ನನ್ನ ಬಾಯಿಂದ ಒಳ್ಳೆಯ ಮಾತು ಬರುವುದಿಲ್ಲ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಕಳೆದ ಮಳೆಗಾಲದ ಶುರುವಿನಲ್ಲಿ ಕುರ್ಲಾದ ಒಂದು ಚಾಲಿನ ಒಂಟಿಕೋಣೆ ಮನೆಯಿಂದ ಒಬ್ಬ ಬಸುರಿ ಹುಡುಗಿ ಬಂದಳು. ವಿಜಯಪುರದ ಕಡೆಯವಳು, ಗಂಡ ಟೈಲ್ಸ್ ಕೂರಿಸುವ ಕೆಲಸದವನು. ಏಳನೆಯ ತಿಂಗಳಿಗೇ ಬಿಪಿ ಏರಿ, ಕಣ್ಣು ಮಂಜಾಗಿ, ಆಪರೇಷನ್ ಮಾಡಿ ಮಗುವನ್ನು ತೆಗೆಯಬೇಕಾಯಿತು. ಹೆಣ್ಣುಮಗು. ಒಂದು ಕಿಲೋ ದಾಟಿದ್ದು ಸ್ವಲ್ಪವೇ. ಹಿಂದಿನ ವರ್ಷ ಅವಳಿಗೆ ಒಂದು ಕೂಸು ಹೊಟ್ಟೆಯಲ್ಲೇ ಹೋಗಿತ್ತು, ಹಾಗಾಗಿ ಇದನ್ನು ಮುಟ್ಟುವುದಕ್ಕೂ ಹೆದರುತ್ತಿದ್ದಳು.

ಮೊದಲ ದಿನಗಳಲ್ಲಿ ಮೂಗಿಗೆ ಗಾಳಿಯ ಒತ್ತಡ ಕೊಡುವ ಯಂತ್ರ, ನಳಿಕೆಯಿಂದ ಹನಿಹನಿ ತಾಯಿಹಾಲು, ಜೊತೆಗೆ ಕೆಫೀನ್. ಯಂತ್ರ ತೆಗೆದ ಮೇಲೆ ಉಸಿರು ಪದೇ ಪದೇ ನಿಲ್ಲತೊಡಗಿತು. ಡಾಕ್ಟರ್ ಮದ್ದಿನ ಪ್ರಮಾಣ ಹೆಚ್ಚಿಸಿದರು. ಆಮೇಲೆ ಮರೆವು ಕಡಿಮೆಯಾಯಿತು, ತೂಕ ಏರಿತು. ಎಲ್ಲ ಸರಿಹೋಯಿತು ಎಂದುಕೊಂಡೆವು.

ಆಗ ಅಜ್ಜಿ ಬಂದರು.

ಮಗುವಿನ ತಾಯಿಯ ತಾಯಿ. ಮಗಳ ಬಾಣಂತನ ಮಾಡಲೆಂದು ಅಂಟಿನುಂಡಿಯ ಡಬ್ಬಿ, ಸಬ್ಬಸಗಿ, ಒಣಶುಂಠಿ, ಕೂಸಿನ ತಲೆಯಿಂದ ಬೆನ್ನಿನವರೆಗೆ ಮುಚ್ಚಿ ಕಟ್ಟುವ ಕುಂಚಿಗೆ ಎಲ್ಲ ಹೊತ್ತು ರೈಲಿನಲ್ಲಿ ಬಂದಿಳಿದಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎನ್ನುತ್ತಾರೆ. ಇಲ್ಲಿ ಕುಲಾವಿ ಹೊಲಿದು ಮುಗಿಯುವ ಮುಂಚೆಯೇ ಕೂಸು ಹುಟ್ಟಿಬಿಟ್ಟಿತ್ತು. ಅವರು ತಂದ ಕುಂಚಿಗೆಯಲ್ಲಿ ಈ ಮಗುವಿನಂಥವು ಮೂರು ಹಿಡಿಸುತ್ತಿದ್ದವು. ವಾರ್ಡಿನ ಬಾಗಿಲಲ್ಲಿ ನಿಂತು ಆ ನಳಿಕೆಯನ್ನು ನೋಡಿ ಅಜ್ಜಿಯ ಬಾಯಿ ಒಣಗಿತು. ಅಲ್ಲಿ ಕನ್ನಡ ಬಲ್ಲವಳು ನಾನೆಂದು ತಿಳಿದದ್ದೇ ನನ್ನ ಸೆರಗು ಹಿಡಿದರು ಎನ್ನಬೇಕು, ಆದರೆ ನಮ್ಮ ಯೂನಿಫಾರ್ಮಿಗೆ ಸೆರಗಿಲ್ಲ, ತೋಳು ಹಿಡಿದರು.

"ಯವ್ವಾ, ಅದೇನ್ ಬಿಡ್ಲಾಕತ್ತೀರಿ ಕೂಸಿನ ಹೊಟ್ಟ್ಯಾಗ?"

"ಉಸಿರಾಡೋಕೆ ಮದ್ದು ಅಜ್ಜಿ. ಹೆದರ್ಕೋಬೇಡಿ, ಕಾಫೀಲಿ ಟೀನಲ್ಲಿ ಇರುತ್ತಲ್ಲ, ಅದೇ ಸತ್ವ. ಮಗು ಎಚ್ಚರವಾಗಿರೋ ಹಾಗೆ ಮಾಡುತ್ತೆ."

"ಚಹಾದಾಗಿಂದು?" ಅಜ್ಜಿಯ ಮುಖ ಅರಳಿತು. "ಅಯ್ಯ, ಹಂಗಾರ ನಮ್ಮ ಮೊಮ್ಮಗಳು ನಮ್ಮಂಗ ಅದಾಳ ಬಿಡ್ರಿ. ನನಗೂ ಚಹಾ ಇಲ್ದ ಜೀವಾ ಬರೂದಿಲ್ಲ."

ನಾನೂ ನಕ್ಕೆ. ಗಾಬರಿಯಾದ ಮುದುಕಿ ನಕ್ಕಿತಲ್ಲ ಎಂದು ಸಮಾಧಾನವಾಯಿತು.

ವಾರ ಕಳೆಯುವಷ್ಟರಲ್ಲಿ ಮಗುವಿನ ಸ್ಥಿತಿ ಕೆಟ್ಟಿತು. ತೂಕ ನಿಂತಿತು. ಹಾಲು ಕೊಟ್ಟರೆ ಕಕ್ಕುತ್ತಿತ್ತು. ಕೈಕಾಲು ಸಣ್ಣಗೆ ನಡುಗುತ್ತಿದ್ದವು, ನಿದ್ದೆಯೇ ಇಲ್ಲ. ಕಣ್ಣು ಬಿಟ್ಟುಕೊಂಡು ಲೋಕವನ್ನೆಲ್ಲ ದುರುಗುಟ್ಟಿ ನೋಡುತ್ತಿತ್ತು. ಎದೆಬಡಿತವಂತೂ ಸುಮ್ಮನೆ ಮಲಗಿದ್ದಾಗಲೂ ಓಡುತ್ತಿತ್ತು. ಇಂಥ ಮಕ್ಕಳಲ್ಲಿ ಏನೇ ಬದಲಾದರೂ ಮೊದಲು ಸೋಂಕು ಎಂದೇ ಅನುಮಾನಿಸಬೇಕು, ಏಕೆಂದರೆ ತಡಮಾಡಿದರೆ ಮಗು ಕೈತಪ್ಪುತ್ತದೆ. ನಮ್ಮ ಡಾಕ್ಟರ್ ಮರಾಠಿ ಹೆಂಗಸು, ಮಾತು ಕಡಿಮೆ, ಕೈ ಚುರುಕು. "ಇನ್ಫೆಕ್ಷನ್ ಹೀ ಲಗ್ ರಹಾ ಹೈ, ಸಿಸ್ಟರ್" ಎಂದವರೇ ರೋಗಾಣು ಬೆಳೆಯುತ್ತದೆಯೇ ನೋಡಲು ರಕ್ತ ಕಲ್ಚರಿಗೆ ಕಳಿಸಿ, ಹಾಲು ನಿಲ್ಲಿಸಿ, ಡ್ರಿಪ್ ಹಾಕಿ, ಆಂಟಿಬಯಾಟಿಕ್ ಶುರು ಮಾಡಿದರು. ಎದೆಬಡಿತ ಇಳಿಯುವವರೆಗೆ ಕೆಫೀನೂ ಬೇಡ ಎಂದರು.

ಆ ಪುಟ್ಟ ಕೈಯಲ್ಲಿ ನರ ಸಿಗದೆ ಕೊನೆಗೆ ತಲೆಯಲ್ಲಿ ಸೂಜಿ ಹಾಕಬೇಕಾಯಿತು. ತಾಯಿ ಗಾಜಿನ ಆಚೆ ನಿಂತು ನೋಡುತ್ತಿದ್ದಳು. ಅಳಲಿಲ್ಲ. "ಇದೂ ಹೋಗ್ತೈತೇನ್ರಿ?" ಎಂದು ಕೇಳಿದಳು, ಬಸ್ಸು ಹೋಯಿತೇ ಎಂದು ಕೇಳುವಷ್ಟು ಸಪ್ಪೆ ದನಿಯಲ್ಲಿ.

ಕೆಲವು ದಿನಗಳಲ್ಲಿ ಮಗು ಶಾಂತವಾಯಿತು. ಆಂಟಿಬಯಾಟಿಕ್ಕಿಗೆ ಜೈ ಎಂದೆವು. ಕಲ್ಚರಿನಲ್ಲಿ ಏನೂ ಬೆಳೆದಿರಲಿಲ್ಲ, ಆದರೆ ಅದು ಎಷ್ಟೋ ಸಲ ಹಾಗೆಯೇ. ಮತ್ತೆ ಹಾಲು ಶುರು, ಮತ್ತೆ ಹಳೆಯ ಪ್ರಮಾಣದ ಕೆಫೀನ್ ಶುರು. ಸ್ವಲ್ಪ ದಿನಕ್ಕೆ ಅದೇ ನಡುಕ, ಅದೇ ಓಟ.

ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಗೊತ್ತಿರಲಿಲ್ಲ, ಆದರೂ ಬಂದಿತ್ತು. ಹಾಲು, ಮದ್ದು, ಸೋಂಕು ಮೂರಕ್ಕೂ ಒಟ್ಟಿಗೇ ಕೈ ಹಾಕಿದ್ದೆವು. ಯಾವುದರಿಂದ ಗುಣವಾಯಿತು ಎಂದು ಹೇಳುವುದು ಹೇಗೆ? ಮೂರು ಹಗ್ಗ ಒಟ್ಟಿಗೆ ಎಳೆದರೆ ಕೊಡ ಯಾವುದರಿಂದ ಮೇಲೆ ಬಂತೆಂದು ಬಾವಿಗೂ ತಿಳಿಯುವುದಿಲ್ಲ. ಕೆಫೀನ್ ಜಾಸ್ತಿಯಾದರೆ ಹೀಗೆಲ್ಲ ಆಗುತ್ತದೆ ಎಂಬುದು ಪಾಠದಲ್ಲೇ ಇದೆ. ಆದರೆ ಇದೇ ಪ್ರಮಾಣದಲ್ಲಿ ಮಗು ಮೊದಲು ಚೆನ್ನಾಗಿಯೇ ಇತ್ತಲ್ಲ. ಸಿರಿಂಜು ಸರಿಯಿತ್ತು, ಲೆಕ್ಕ ಸರಿಯಿತ್ತು, ಶೀಶೆ ಸರಿಯಿತ್ತು. ಹಾಗಾದರೆ ನಡುವೆ ಬದಲಾದದ್ದೇನು?

ಹಾಲು ಹಿಂಡುವ ಕೋಣೆಯಲ್ಲಿ ಪಂಪು ತೊಳೆಯುವ ರೀತಿ ನೋಡೋಣ ಎಂದು ಒಂದು ಬೆಳಿಗ್ಗೆ ತಾಯಿಯ ಪಕ್ಕ ಹೋಗಿ ಕೂತೆ. ಕೈ ಸೋಪು ಹಾಕಿ ತೊಳೆದಿದ್ದಳು, ಬಟ್ಟಲು ಕುದಿಸಿದ್ದೇ. ಎಲ್ಲ ಅಚ್ಚುಕಟ್ಟು. ಹಾಲು ಮಾತ್ರ ಹಿಂದಿಗಿಂತ ಕಡಿಮೆ. ಅವಳ ತುಟಿ ಒಡೆದು ಸಿಪ್ಪೆ ಎದ್ದಿತ್ತು.

"ಏನಮ್ಮಾ, ನೀರು ಕುಡೀತಿಲ್ವಾ ನೀನು?"

ಅವಳು ನನ್ನನ್ನು ನೋಡಿದ ರೀತಿ, ನಾನೇನೋ ಮಾಡಬಾರದ್ದನ್ನು ಹೇಳಿದಂತೆ. "ನೀರ್ ಹೆಂಗ್ ಕುಡೀಲಿ ಅಕ್ಕಾರ? ಬಾಣಂತಿ ಇದ್ದೀನಿ."

"ಮತ್ತೆ ಬಾಯಾರಿಕೆಯಾದರೆ?"

"ಅವ್ವ ಚಹಾ ಕೊಡ್ತಾಳ್ರಿ."

ಅಷ್ಟರಲ್ಲಿ ಅವ್ವ ಬಂದೇಬಿಟ್ಟರು. ಕೈಯಲ್ಲಿ ಸ್ಟೀಲಿನ ದೊಡ್ಡ ಕಿಟ್ಲಿ. ಮುಚ್ಚಳ ತೆಗೆದರೆ ಒಣಶುಂಠಿ ಬೆಲ್ಲದ ಘಾಟು. ಒಳಗೆ ಹಾಲು ಹಾಕದ, ಕಾಡಿಗೆಯಷ್ಟು ಕಪ್ಪು ಚಹಾ. ಎಷ್ಟು ಹೊತ್ತು ಕುದಿಸಿದ್ದರೋ! ಇಂಥ ಕಿಟ್ಲಿ ದಿನಕ್ಕೆ ಎಷ್ಟು ಎಂದೆ. "ತೀರಿದಂಗ ತರ್ತೀನಿ" ಎಂದರು. ಕುರ್ಲಾದಲ್ಲಿ ಮನೆಯಲ್ಲೇ ಕುದಿಸಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತರುತ್ತಿದ್ದರಂತೆ; ತೀರಿದ ಮೇಲೆ ಗೇಟಿನ ಹತ್ತಿರದ ಚಹಾ ಗೂಡಂಗಡಿಯ ಟಪರಿಯವನಿಂದ ತಾವೇ ನಿಂತು ಮಾಡಿಸುತ್ತಿದ್ದರಂತೆ.

ನನ್ನ ತಲೆಯಲ್ಲಿ ಎಲ್ಲ ಒಂದೊಂದಾಗಿ ಕೂತವು. ಹಸಿ ಮೈಯವಳಿಗೆ ನೀರು ಕೊಡಬಾರದು, ಅದು ಅವರ ಕಡೆಯ ಕಟ್ಟಳೆ. ಬಾಯಾರಿಕೆಗೆ ಚಹಾ ಇದೆ. ಅದರ ಮೇಲೆ ನಾನೇ ಹೇಳಿದ್ದೇನೆ, ಕೂಸಿನ ಉಸಿರು ನಡೆಸುವುದೇ ಚಹಾದ ಸತ್ವ ಎಂದು. ಇನ್ನು ಯಾವ ಅಜ್ಜಿ ಸುಮ್ಮನಿರುತ್ತಾಳೆ? ತಾಯಿಗೆ ಕುಡಿಸಿದರೆ ಹಾಲಿಗೆ ಇಳಿಯುತ್ತದೆ, ಹಾಲಿನಿಂದ ಕೂಸಿಗೆ. ನಾವು ನಳಿಕೆಯಿಂದ ಕೊಡುತ್ತಿದ್ದೆವು, ಅವರು ಹಾಲಿನಿಂದ ಕೊಡುತ್ತಿದ್ದರು. ಒಳಗೆ ಹೋದದ್ದು ಹೊರಗೆ ಹೋಗಲು ದಾರಿ ಕಾಣದೆ ದಿನದಿನಕ್ಕೂ ಕೂಡಿಬೀಳುತ್ತಿತ್ತು. ಯಾವ ಔಷಧಿ ತೆಗೆದುಕೊಳ್ಳುತ್ತೀರಿ ಎಂದು ತಾಯಂದಿರನ್ನು ಮರೆಯದೆ ಕೇಳುತ್ತೇವೆ. ಚಹಾ ಎಷ್ಟು ಕುಡಿಯುತ್ತೀರಿ ಎಂದು ಈ ಮುಂಬೈಯಲ್ಲಿ ಯಾರು ಯಾರನ್ನು ಕೇಳುತ್ತಾರೆ?

ಡಾಕ್ಟರಿಗೆ ಹೇಳಿದೆ. ಅವರು ಮಗುವಿನ ಚಾರ್ಟ್ ತೆರೆದು ನೋಡಿ, "ಹಾಲಿನಲ್ಲಿ ಬರುವುದು ಕಡಿಮೆ. ಅದೊಂದರಿಂದಲೇ ಇಷ್ಟಾಗಿದೆ ಎಂದು ಹೇಳಲಾರೆ. ಆದರೆ ಹೆಚ್ಚಿಸಿದ ಡೋಸಿನ ಮೇಲೆ ಇದೂ ಸೇರಿದರೆ..." ಎಂದು ನಿಲ್ಲಿಸಿದರು. ಮದ್ದು ಮತ್ತೆ ತಡೆಹಿಡಿದು, ರಕ್ತದಲ್ಲಿ ಕೆಫೀನ್ ಎಷ್ಟಿದೆ ಎಂದು ನೋಡಲು ಸ್ಯಾಂಪಲ್ ಕಳಿಸಿದರು. ಆ ಪರೀಕ್ಷೆ ನಮ್ಮಲ್ಲಿ ಇಲ್ಲ, ಜೋಗೇಶ್ವರಿ ಕಡೆಯ ಒಂದು ಲ್ಯಾಬಿಗೆ ಹೋಗಬೇಕು. ಅವತ್ತೇ ಕುರ್ಲಾದ ಹಳಿಯ ಮೇಲೆ ನೀರು ನಿಂತು ಲೋಕಲ್ ರೈಲು ಬಂದ್.

ನಮ್ಮ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಮಂಗಳೂರಿನವರು. ವಿಷಯ ಕೇಳಿದ್ದೇ ಅವರ ಕನ್ನಡಕ ಮೂಗಿನ ತುದಿಗೆ ಬಂತು. "ಎಂತ ಮಾರಾಯ್ತಿ ಇದು? ನಾವಿಲ್ಲಿ ಮೈಕ್ರೋ ಲೆಕ್ಕದಲ್ಲಿ ಮದ್ದು ಅಳೆಯುದು, ಅಲ್ಲಿ ಆ ಅಜ್ಜಿ ಕೆಟ್ಲಿಗಟ್ಟಲೆ ಕೊಡುದು! ಅವರ ಪಾಸ್ ಕ್ಯಾನ್ಸಲ್ ಮಾಡು. ನಾಳೆಯಿಂದ ಗೇಟಿನ ಒಳಗೆ ಬರುದು ಬೇಡ. ತಾಯಿಹಾಲೂ ಸದ್ಯಕ್ಕೆ ಬೇಡ, ಪುಡಿ ಹಾಲು ಕೊಡುವ."

ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ವಾರ್ಡಿನಲ್ಲಿ ಇನ್ನೂ ಮಕ್ಕಳಿದ್ದವು. ಆದರೂ ನನಗೆ ಮನಸ್ಸು ಒಪ್ಪಲಿಲ್ಲ. ಇಂಥ ಮಗುವಿನ ಕರುಳಿಗೆ ತಾಯಿಹಾಲಿಗಿಂತ ಸುರಕ್ಷಿತವಾದದ್ದಿಲ್ಲ. ಪುಡಿ ಹಾಲಿಗೆ ಹೋದರೆ ಮೊದಲೇ ಕಡಿಮೆಯಾದ ಹಾಲು ಪೂರ್ತಿ ಬತ್ತುತ್ತದೆ. ಅಜ್ಜಿಯನ್ನು ಹೊರಗೆ ಹಾಕಿದರೆ ಅಜ್ಜಿಯ ನಂಬಿಕೆಯೇನೂ ಹೊರಗೆ ಹೋಗುವುದಿಲ್ಲ. ಮಗು ಮನೆಗೆ ಹೋದ ದಿನ ಕಿಟ್ಲಿ ಮತ್ತೆ ಒಲೆಯ ಮೇಲೇರುತ್ತದೆ, ಆಗ ನೋಡಲು ನಾವಿರುವುದಿಲ್ಲ. ಅಲ್ಲದೆ ಹೊಟ್ಟೆ ಕೊಯ್ದ ಆ ಹುಡುಗಿಯನ್ನು ಎತ್ತಿ ಕೂರಿಸುವವರು ಬೇರೆ ಯಾರಿದ್ದಾರೆ? ಗಂಡ ಸೈಟಿಗೆ ಹೋಗದಿದ್ದರೆ ಒಲೆ ಉರಿಯುವುದಿಲ್ಲ.

"ಅಜ್ಜಿ ಇರಲಿ ಸಿಸ್ಟರ್. ನನ್ನ ಜವಾಬ್ದಾರಿ," ಎಂದುಬಿಟ್ಟೆ. ಡಾಕ್ಟರ್ ನನ್ನನ್ನೇ ನೋಡಿ, "ಹಾಲು ಅವಳದೇ ಇರಲಿ. ಚಹಾ ನಿಲ್ಲಬೇಕು. ಒಂದು ಸಲ ತಪ್ಪಿದರೂ ಪಾಸ್ ಹೋಗುತ್ತದೆ," ಎಂದರು. ಇನ್‌ಚಾರ್ಜ್ ಸಿಸ್ಟರ್ ಕನ್ನಡಕ ಮೇಲಕ್ಕೆ ತಳ್ಳಿ, "ಆಯ್ತು, ನೋಡುವ" ಎಂದರು. ಮಂಗಳೂರಿನವರ 'ನೋಡುವ' ಎಂಬುದರಲ್ಲಿ ಎಷ್ಟು ಬೆದರಿಕೆ ಇರುತ್ತದೆ ಎಂದು ಅವರ ಕೈಕೆಳಗೆ ದುಡಿದವರಿಗೇ ಗೊತ್ತು.

ಅಜ್ಜಿಯನ್ನು ಕಾರಿಡಾರಿನ ಬೆಂಚಿನ ಮೇಲೆ ಕೂರಿಸಿ ವಿವರಿಸಿದೆ. ನಿಧಾನಕ್ಕೆ ಹೇಳಬೇಕು ಎಂದುಕೊಂಡಿದ್ದೆ. ನನ್ನ ಸ್ವಭಾವಕ್ಕೆ ಅದು ಆಗಲಿಲ್ಲ, ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವರ ಮುಖ ಮೊದಲು ಕೆಂಪಾಯಿತು.

"ನೀವ ಅಂದ್ರಲ್ರಿ ಅದ ಮದ್ದು ಅಂತ! ಕೂಸು ಅದರ ಮ್ಯಾಲ ಬದಕೈತಿ ಅಂತ ನೀವ ಅಂದ್ರಿ. ನಾ ಏನ್ ಇಷಾ ಕುಡಿಸೀನೇನು?"

"ಮದ್ದೇ ಅಜ್ಜಿ. ಆದರೆ ಅಳತೆ ಮೀರಿದೆ. ಪಲ್ಯಕ್ಕೆ ಉಪ್ಪು ನೀವೂ ಹಾಕಿ, ನೀವು ಹಾಕಿದ್ದು ಗೊತ್ತಿಲ್ಲದೆ ನಾನೂ ಹಾಕಿದರೆ?"

ಅಜ್ಜಿ ಕಿಟ್ಲಿಯನ್ನು ಬೆಂಚಿನ ಕೆಳಗೆ ಕಾಲಿನಿಂದ ಸರಿಸಿದರು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು, "ಕೂಸಿನ ಎದಿ ನಾನ ಓಡಿಸೀನಿ," ಎಂದು ಅತ್ತರು. ಅಳುವವರ ಪಕ್ಕ ಸುಮ್ಮನೆ ಕೂರುವುದು ನನಗೆ ಬರುವುದಿಲ್ಲ. ಆದರೂ ಕೂತೆ.

ಅತ್ತು ಮುಗಿದ ಮೇಲೆ ನೀರಿನ ಮಾತು ಬಂತು. ಅಲ್ಲಿ ಅಜ್ಜಿ ಬಂಡೆ. ಚಹಾ ಬಿಡಿಸುತ್ತೇನೆ, ಆದರೆ ಹಸಿ ಮೈಯಾಗ ನೀರು ಕುಡಿಸಲಾರೆ. ಹೊಟ್ಟಿ ಬರ್ತೈತಿ, ಹಾಲು ಥಂಡಿ ಆಗ್ತಾವು, ಕೂಸಿಗಿ ಕೆಮ್ಮು ಹಿಡಿತೈತಿ. ನಾನು ವಿಜ್ಞಾನ ಹೇಳಿದೆ. ಅವರು ತಾವು ಹೆತ್ತ ಐದು ಮಕ್ಕಳನ್ನು ಹೇಳಿದರು. ವಿಜ್ಞಾನ ಸೋತಿತು. ಕೊನೆಗೆ ಕೇಳಿದೆ: "ನಿಮ್ಮ ಬಾಣಂತನದಲ್ಲಿ ಚಹಾಪುಡಿ ತೀರಿದ ದಿನ ನಿಮ್ಮಮ್ಮ ಏನು ಕೊಡ್ತಿದ್ರು?"

"ಅಜವಾನ ಕುದಿಸಿ ಕೊಡ್ತಿದ್ಳು. ಇಲ್ಲಾ ಜೀರಗಿ."

"ಅದು ನೀರಲ್ವಾ?"

"ಅದ್ಹೆಂಗ್ ನೀರಾಗ್ತೈತ್ರಿ? ಅದು ಕಷಾಯ."

"ಹಾಗಾದ್ರೆ ಕಷಾಯಾನೇ ಕೊಡಿ. ಅಜವಾನ ಚಿಟಿಕೆಯಷ್ಟು ಸಾಕು. ಕಿಟ್ಲಿ ತುಂಬ ಇರಲಿ, ತೀರಿದ ಹಾಗೆಲ್ಲ ಇರಲಿ."

ಅಜ್ಜಿ ನನ್ನನ್ನು ಓರೆಗಣ್ಣಿನಿಂದ ನೋಡಿದರು. ನನ್ನ ಉಪಾಯ ಅವರಿಗೆ ಪೂರ್ತಿ ಅರ್ಥವಾಗಿತ್ತು. "ಕಾಫಿ ಮಂದಿ ಭಾಳ ಶಾಣ್ಯಾರ," ಎಂದರು. ಅವತ್ತು ಮಧ್ಯಾಹ್ನದಿಂದಲೇ ಕಿಟ್ಲಿಯಲ್ಲಿ ಅಜವಾನದ ತಿಳಿನೀರು ಬಂತು. ಮಗಳು ದಿನಕ್ಕೆ ಒಂದೆರಡು ಸಣ್ಣ ಲೋಟ ಚಹಾ ಕುಡಿದರೆ ತೊಂದರೆಯಿಲ್ಲ ಎಂದು ಡಾಕ್ಟರ್ ಹೇಳಿದ್ದರು. ಅದನ್ನೂ ತಿಳಿಸಿದೆ. "ಒಂದೂ ಬ್ಯಾಡ. ಆಕಿಗೂ ಬ್ಯಾಡ, ನನಗೂ ಬ್ಯಾಡ. ಕೂಸು ಮದ್ದಿಲ್ದ ಉಸಿರಾಡೂ ತನಕ ನಾ ಚಹಾ ಮುಟ್ಟೂದಿಲ್ಲ," ಎಂದು ನಮ್ಮ ವಾರ್ಡಿನ ಬಾಗಿಲ ಚೌಕಟ್ಟು ಮುಟ್ಟಿ ಹರಕೆ ಹೊತ್ತುಕೊಂಡರು.

ಬುದ್ಧಿ ಬಂದಾಗಿನಿಂದ ಚಹಾ ಕುಡಿದ ಮುದುಕಿ. ಮಾರನೆಯ ದಿನ ಬಂದಾಗ ತಲೆಗೆ ಟವೆಲ್ ಬಿಗಿದು ಕಟ್ಟಿಕೊಂಡಿದ್ದರು. ಕಣ್ಣು ಅರ್ಧ ಮುಚ್ಚಿತ್ತು, ಮಾತಿಗೆ ಮೊದಲೇ ಸಿಡುಕು. "ನಿಮ್ಮ ಮುಂಬೈ ಹವಾ ಸುಮಾರ ಐತಿ. ತಲಿ ಸೀಳ್ಲಾಕತ್ತೈತಿ." ಮೆಡಿಕಲ್ಲಿನಿಂದ ಒಂದು ಗುಳಿಗೆಯ ಪಟ್ಟಿ ತಂದಿದ್ದರು, ಊಟ ಆದಮೇಲೋ ಮೊದಲೋ ಎಂದು ಕೇಳಲು ನನಗೆ ತೋರಿಸಿದರು. ನಾನು ಹಿಂದೆ ತಿರುಗಿಸಿ ಓದಿದೆ. ನಗು ತಡೆಯಲಾಗಲಿಲ್ಲ.

"ಅಜ್ಜಿ, ಇದು ಮುಂಬೈ ಹವಾ ಅಲ್ಲ. ನಿಮ್ಮ ತಲೆ ಚಹಾ ಕೇಳ್ತಾ ಇದೆ. ಇಷ್ಟು ವರ್ಷ ಹೊತ್ತುಹೊತ್ತಿಗೆ ಕೊಟ್ಟು ಒಮ್ಮೆಲೇ ಬಿಟ್ರೆ ರಕ್ತನಾಳ ಹಿಗ್ಗಿ ಹೀಗೆ ನೋಯುತ್ತೆ. ಎರಡು ಮೂರು ದಿನ ಜೋರು, ಆಮೇಲೆ ಇಳಿಯುತ್ತೆ. ಈ ಗುಳಿಗೆ ತಗೊಂಡ್ರೆ ಈಗಲೇ ಹೋಗುತ್ತೆ. ಯಾಕೆ ಗೊತ್ತಾ? ಇದರೊಳಗೂ ಅದೇ ಇದೆ, ಕೆಫೀನ್."

"ಗುಳಿಗ್ಯಾಗೂ ಐತೇನು!" ಅಜ್ಜಿ ಆ ಪಟ್ಟಿಯನ್ನು ನನ್ನ ಕೈಗೆ ತುರುಕಿದರು, ಮನೆಯಲ್ಲಿ ಕಳ್ಳ ಸಿಕ್ಕಿಬಿದ್ದಂತೆ. "ತಗೀರಿ ಅತ್ತಾಗ." ಬೇರೆ ಗುಳಿಗೆ ಕೊಡುತ್ತೇನೆ ಎಂದರೂ ಬೇಡವೆಂದರು. ನಿಧಾನಕ್ಕೆ ಕಡಿಮೆ ಮಾಡಿ, ಹೀಗೆ ಒಮ್ಮೆಲೇ ಬಿಡಬೇಕಿಲ್ಲ ಎಂದು ಬುದ್ಧಿ ಹೇಳಿದೆ. ಹರಕೆಗೆ ಅರ್ಧ ಇಲ್ಲ ಎಂದರು. ಬೆಂಚಿನ ಮೇಲೆ ಗೋಡೆಗೆ ತಲೆ ಆನಿಸಿ ತುಂಬ ಹೊತ್ತು ಕೂತಿದ್ದರು. ನಾನು ಪಾಳಿ ಮುಗಿಸಿ ಹೊರಟಾಗ ಕರೆದು ಕೇಳಿದರು:

"ಯವ್ವಾ, ನನ್ನಂಥಾ ಗಟ್ಟಿ ತಲೀನ ಇಷ್ಟ ಬೇಡತೈತಿ ಅಂದ್ರ, ನಾಳಿ ನೀವು ಮದ್ದು ನಿಲ್ಲಿಸಿದಾಗ ಆ ಕೂಸಿನ ತಲಿ ಎಷ್ಟ ಬೇಡಬಾರದು?"

ಅದಕ್ಕೆ ಅಷ್ಟೊಂದು ಕಾಟವಾಗುವುದಿಲ್ಲ, ಅದರ ರಕ್ತದಿಂದ ಕೆಫೀನ್ ನಿಧಾನಕ್ಕೆ ತಾನಾಗಿ ಇಳಿಯುತ್ತದೆ ಎಂದೆ. ಅಜ್ಜಿ ನಂಬಲಿಲ್ಲ. "ಆತು. ಇಬ್ರೂ ಕೂಡೇ ಬಿಡ್ತೀವಿ," ಎಂದು ಟವೆಲ್ ಇನ್ನಷ್ಟು ಬಿಗಿದರು. ಲೋಕಲಿನಲ್ಲಿ ಕೂತು ಅದನ್ನು ನೆನೆದು ನನಗೆ ಕಣ್ಣು ಒದ್ದೆಯಾಯಿತು.

ಲ್ಯಾಬಿನ ಉತ್ತರ ತಡವಾಗಿ ಬಂತು. ರಕ್ತದಲ್ಲಿ ಇರಬೇಕಾದದ್ದಕ್ಕಿಂತ ಜಾಸ್ತಿಯೇ ಇತ್ತು. ಎಷ್ಟು ನಮ್ಮದು, ಎಷ್ಟು ಕಿಟ್ಲಿಯದು ಎಂದು ಕಾಗದ ಹೇಳಲಿಲ್ಲ, ನಾವೂ ಲೆಕ್ಕ ಹಾಕಲಿಲ್ಲ. ಅಷ್ಟರಲ್ಲಿ ಮಗುವೇ ಉತ್ತರ ಕೊಟ್ಟಿತ್ತು: ನಡುಕ ನಿಂತಿತ್ತು, ಹಾಲು ಹೊಟ್ಟೆಯಲ್ಲಿ ನಿಲ್ಲುತ್ತಿತ್ತು, ಮುಷ್ಟಿ ಕೆನ್ನೆಗೆ ಒತ್ತಿಕೊಂಡು ನಿದ್ದೆ ಮಾಡುತ್ತಿತ್ತು. ಡಾಕ್ಟರ್ ಕಡಿಮೆ ಪ್ರಮಾಣದಲ್ಲಿ ಮದ್ದನ್ನು ಮತ್ತೆ ಶುರು ಮಾಡಿದರು. ಇತ್ತ ಅಜವಾನದ ಕಷಾಯ ಕುಡಿದು ಕುಡಿದು ತಾಯಿಯ ಬಟ್ಟಲು ತುಂಬತೊಡಗಿತು. ಅಜ್ಜಿ ಅದನ್ನು ಇನ್‌ಚಾರ್ಜ್ ಸಿಸ್ಟರಿಗೆ ಬೇಕೆಂದೇ ಎತ್ತಿ ತೋರಿಸಿಕೊಂಡು ಹೋಗುತ್ತಿದ್ದರು.

ನಾನು ಅಜ್ಜಿಗೆ ಇನ್ನೊಂದು ಕೆಲಸ ಅಂಟಿಸಿದೆ. ಮಗುವನ್ನು ಬರಿಮೈಯಲ್ಲಿ ಎದೆಗೆ ಒತ್ತಿ ಕಟ್ಟಿಕೊಂಡು ಕೂರುವುದು. ದೊಡ್ಡವರ ಮೈಯ ಕಾವು, ಎದೆಯ ಏರಿಳಿತ ಮಗುವಿನ ಉಸಿರನ್ನು ಹದಕ್ಕೆ ತರುತ್ತದೆ. ತಾಯಿ ದಣಿದಾಗ ಅಜ್ಜಿಯ ಪಾಳಿ. ಕತ್ತು ಬಾಗದಂತೆ ಹಿಡಿಯುವುದು, ತುಟಿಯ ಬಣ್ಣ ನೋಡುವುದು, ಉಸಿರು ನಿಂತರೆ ಅಂಗಾಲು ತಟ್ಟುವುದು ಎಲ್ಲ ಹೇಳಿಕೊಟ್ಟೆ. ಕಿಟ್ಲಿ ಹಿಡಿದ ಕೈಗೆ ಮಗು ಬಂದಮೇಲೆ ಅಜ್ಜಿಯ ಸಿಡುಕೂ ಇಳಿಯಿತು, ತಲೆಯ ಟವೆಲೂ ಇಳಿಯಿತು.

ಮಗು ಬಲಿತ ಮೇಲೆ ಒಂದು ದಿನ ರೌಂಡಿನಲ್ಲಿ ಡಾಕ್ಟರ್, "ಆಜ್ ಸೇ ಬಂದ್" ಎಂದರು. ಕೆಫೀನ್ ನಿಲ್ಲಿಸಿ ಒಂದು ವಾರ ಮಾನಿಟರಿನ ಕೆಳಗೆ ಇಡುವುದು ನಮ್ಮ ಪದ್ಧತಿ. ಮದ್ದು ರಕ್ತದಿಂದ ತೊಳೆದುಹೋದ ಮೇಲೂ ಉಸಿರು ಮರೆಯದಿದ್ದರೆ ಮನೆಗೆ. ಒಂದು ಸಲ ಮರೆತರೆ ವಾರ ಮತ್ತೆ ಮೊದಲಿನಿಂದ.

ಮನೆಯ ಕನಸು ಕಂಡು ತಾಯಿ ಬಟ್ಟೆ ಗಂಟು ಕಟ್ಟಿಟ್ಟಿದ್ದಳು. ವಾರ ಮುಗಿಯುವ ಹೊತ್ತಿಗೆ, ಬೆಳಿಗ್ಗೆ, ಹಾಲು ಕುಡಿದ ಮೇಲೆ ಅಜ್ಜಿಯ ಎದೆಯ ಮೇಲೆ ಮಲಗಿದ್ದ ಮಗುವಿನ ಉಸಿರು ನಿಂತಿತು. ಮಾನಿಟರ್ ಕೂಗಿದ್ದೂ ಅಜ್ಜಿ "ಯವ್ವಾ!" ಎಂದದ್ದೂ ಒಟ್ಟಿಗೆ. ನಾನು ತಲುಪುವಾಗ ಅವರು ಹೇಳಿಕೊಟ್ಟ ಹಾಗೆಯೇ ಅಂಗಾಲು ತಟ್ಟುತ್ತಿದ್ದರು. ಮಗು ಮುಖ ಕಿವುಚಿ ಅತ್ತಿತು. ಅಷ್ಟು ಚಂದದ ಅಳು ಆ ವಾರ್ಡಿನಲ್ಲಿ ಬೇರೆ ಇಲ್ಲ.

ಮದ್ದು ಮತ್ತೆ ಶುರು ಮಾಡುವುದೋ ಬೇಡವೋ? ನಾನು ಮಾಡೋಣ ಎಂದೆ; ನನಗೆ ಧೈರ್ಯ ಸಾಲಲಿಲ್ಲ. ಡಾಕ್ಟರ್ ಮಗುವಿನ ಎದೆ ಕೇಳಿ, ರಕ್ತ ನೋಡಿ, ತುಂಬ ಯೋಚಿಸಿದರು. ತಟ್ಟಿದ ಕೂಡಲೇ ಉಸಿರು ಬಂದಿದೆ, ಹೊಟ್ಟೆ ತುಂಬಿದಾಗ ಆಗಿದೆ, ಇನ್ನೊಂದು ಸಲ ಆದರೆ ಕೊಡೋಣ, ಈಗ ಬೇಡ. ತಾನಾಗಿ ಕಲಿಯಲು ಅದಕ್ಕೆ ಒಂದು ಅವಕಾಶ ಕೊಡಬೇಕು ಎಂದರು. ವಾರ ಮತ್ತೆ ಮೊದಲಿನಿಂದ. ತಾಯಿ ಗಂಟು ಬಿಚ್ಚಿ ಬಟ್ಟೆ ತೆಗೆದಳು. ಅಜ್ಜಿ ಕೈ ತೊಳೆಯಲು ಹೋದರು, ಮುಂದಿನ ಪಾಳಿಗೆ.

ಆ ವಾರ ನಾನು ಮಾನಿಟರ್ ಕೂಗಿದಾಗಲೆಲ್ಲ, ಅದು ಬೇರೆ ಮಗುವಿನದಾದರೂ, ಮೊದಲು ಇತ್ತ ನೋಡುತ್ತಿದ್ದೆ. ಇನ್‌ಚಾರ್ಜ್ ಸಿಸ್ಟರೂ ನೋಡುತ್ತಿದ್ದರು. ಒಂದು ದಿನ ಅವರು ಊಟಕ್ಕೂ ಏಳದೆ ಕೂತಿದ್ದ ಅಜ್ಜಿಯ ಪಕ್ಕ ಬಿಸ್ಕತ್ತಿನ ಪುಡಿಕೆ ಇಟ್ಟು, "ಉಪವಾಸ ಎಂತಕ್ಕೆ, ಇದರಲ್ಲಿ ಚಾ ಇಲ್ಲ, ತಿನ್ನಿ" ಎಂದು ಗದರಿ ಹೋದರು. ಮಗು ಮರೆಯಲಿಲ್ಲ. ವಾರ ಕಳೆಯಿತು. ಡಾಕ್ಟರ್ ಇನ್ನೆರಡು ದಿನ ಜಾಸ್ತಿಯೇ ಇಟ್ಟುಕೊಂಡರು. ಆಗಲೂ ಮರೆಯಲಿಲ್ಲ.

ಬಿಡುಗಡೆಯ ದಿನ ಬೆಳಿಗ್ಗೆ ಮಳೆ ಬಿಡುವು ಕೊಟ್ಟಿತ್ತು. ಕುಂಚಿಗೆ ಈಗಲೂ ದೊಡ್ಡದೇ, ಆದರೆ ಅದರೊಳಗೆ ಒಂದೇ ಮಗು ಹಿಡಿಸುವಷ್ಟಾಗಿತ್ತು. ಮಗುವಿನ ತಂದೆ ಆಟೋ ತರಲು ಹೋಗಿದ್ದ. ನಾನು ಪಾಳಿ ಮುಗಿಸಿ ಗೇಟಿನವರೆಗೆ ಬಂದೆ. ಟಪರಿಯವನು ಅಜ್ಜಿಯನ್ನು ಗುರುತು ಹಿಡಿದು, "ಕ್ಯಾ ಮೌಸಿ, ಇತ್ನೇ ದಿನ್ ಕಿಧರ್?" ಎಂದ. ಅವನಿಗೆ ಹೇಳಿ ಒಂದು ಕಟಿಂಗ್ ಚಹಾ ತರಿಸಿ ಅಜ್ಜಿಯ ಕೈಗೆ ಕೊಟ್ಟೆ. "ಹರಕೆ ತೀರಿತಲ್ಲ ಅಜ್ಜಿ, ಕುಡೀರಿ."

ಅಜ್ಜಿ ಗ್ಲಾಸನ್ನು ಮೂಗಿನ ಹತ್ತಿರ ತಂದು ಕಣ್ಣು ಮುಚ್ಚಿದರು. ಆಮೇಲೆ ಥಟ್ಟನೆ ಕಣ್ಣು ಬಿಟ್ಟು, ಮಗಳ ತೋಳಿನಲ್ಲಿದ್ದ ಮಗುವಿಗೆ ಬೆನ್ನಾಗಿ ಎರಡು ಹೆಜ್ಜೆ ಆಚೆ ಸರಿದರು.

"ಹಬಿ ಸೈತ ಕೂಸಿಗಿ ತಗಲಬಾರದು," ಎಂದರು.

"ಹಬೆಯಿಂದ ಏನೂ ಆಗಲ್ಲ ಅಜ್ಜಿ!"

"ನಿಮಗೇನ್ ಗೊತ್ತು, ನೀವು ಕಾಫಿ ಮಂದಿ."

ಮಗಳು ಜೋರಾಗಿ ನಕ್ಕಳು. ಇಷ್ಟು ದಿನದಲ್ಲಿ ಅವಳ ನಗು ನಾನು ಕೇಳಿದ್ದು ಅದೇ ಮೊದಲು. ಅಜ್ಜಿ ಆದರೂ ಕುಡಿಯಲಿಲ್ಲ. ಅಷ್ಟು ದೂರದಿಂದಲೇ ಕತ್ತು ತಿರುಗಿಸಿ ಕುಂಚಿಗೆಯ ಕಡೆ ನೋಡುತ್ತ ನಿಂತರು. ಮಗು ನಿದ್ದೆ ಹೋಗಿತ್ತು. ರಸ್ತೆಯಲ್ಲಿ ಬಸ್ಸು, ರಿಕ್ಷಾ, ಹಾರನ್ನು; ಅಷ್ಟು ಗದ್ದಲದಲ್ಲಿ ಯಾವ ಮಾನಿಟರೂ ಇಲ್ಲ, ನಳಿಕೆಯೂ ಇಲ್ಲ. ಗ್ಲಾಸಿನಲ್ಲಿ ಚಹಾ ಆರಿ ಮೇಲೆ ಕೆನೆ ಕಟ್ಟಿತು. ಆಗ ಅಜ್ಜಿ ಅದನ್ನು ಒಂದೇ ಗುಟುಕಿಗೆ ಕುಡಿದರು. ಅಷ್ಟು ಹೊತ್ತೂ ನಾವು ಮೂವರೂ ಕುಂಚಿಗೆಯ ಮೇಲಿನ ಆ ಸಣ್ಣ ಏರಿಳಿತವನ್ನೇ ನೋಡುತ್ತಿದ್ದೆವು. ಏರುತ್ತಿತ್ತು, ಇಳಿಯುತ್ತಿತ್ತು. ಯಾರೂ ನೆನಪಿಸಬೇಕಾಗಿರಲಿಲ್ಲ.